ಪದ್ಯ ಓದುವವರು ಅಜ್ಜಿ, ಚಿತ್ರ ಓದುವವಳು ಮೊಮ್ಮಗಳು

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗಳಿಗೆ ರಾತ್ರಿ ಹೊತ್ತು ಪ್ರಾಸದ ಪುಸ್ತಕ ಓದಿ ಹೇಳುತ್ತೇನೆ. ಪದ್ಯ ಒಳ್ಳೆ ಓಟದಲ್ಲಿ ಸಾಗುತ್ತಿರುವಾಗಲೇ ಪುಟದ ಮೇಲೆ ಅಂಗೈ ಊರಿ, ‘ತಿರುಗಿಸಬೇಡ ಅಜ್ಜಿ’ ಅನ್ನುತ್ತಾಳೆ. ಚಿತ್ರ ನೋಡುತ್ತಾ ಕೂತುಬಿಡುತ್ತಾಳೆ. ಲಯವೆಲ್ಲ ಕೆಟ್ಟುಹೋಗುತ್ತದೆ. ನಾವು ಚಿಕ್ಕವರಿದ್ದಾಗ ಚಿತ್ರವಿಲ್ಲದೆಯೇ ಪದ್ಯ ಕಲಿತೆವಲ್ಲ? ಪದ್ಯವೇ ಎಲ್ಲ ಹೇಳಿದ ಮೇಲೆ ಚಿತ್ರಕ್ಕೇನು ಕೆಲಸ? ಎಲ್ಲವನ್ನೂ ಬರೆದು ತೋರಿಸಿದರೆ ಮಗುವಿನ ಕಲ್ಪನೆ ಮೊಂಡಾಗುವುದಿಲ್ಲವೇ?
— ಒಬ್ಬ ಅಜ್ಜಿ, ಸಾಗರ

ಉತ್ತರ: ಮೊದಲು ನಿಮ್ಮ ಮೊಮ್ಮಗಳ ಪರವಾಗಿ ಒಂದು ಮಾತು. ಅವಳು ನಿಮ್ಮ ಓದು ಕೆಡಿಸುತ್ತಿಲ್ಲ, ತನ್ನ ಪಾಲಿನದನ್ನು ತಾನು ಓದಿಕೊಳ್ಳುತ್ತಿದ್ದಾಳೆ. ಅಕ್ಷರ ಬಾರದ ಮಗುವಿಗೆ ಆ ಪುಸ್ತಕದಲ್ಲಿ ಯಾರ ಸಹಾಯವೂ ಇಲ್ಲದೆ ಓದಲು ಸಿಗುವುದು ಚಿತ್ರವೊಂದೇ. ಪದ್ಯ ನಿಮ್ಮ ಬಾಯಿಂದ ಬರಬೇಕು, ಅದರ ವೇಗವನ್ನು ನೀವೇ ತೀರ್ಮಾನಿಸುತ್ತೀರಿ. ಚಿತ್ರದ ವೇಗ ಅವಳ ಇಷ್ಟ. ಪ್ರಾಸಕ್ಕೆ ಮುಂದಿನ ಸಾಲಿಗೆ ಹಾರುವ ಆತುರ, ಚಿತ್ರಕ್ಕೆ ನಿಲ್ಲಿಸಿಕೊಳ್ಳುವ ಆಸೆ. ಒಳ್ಳೆಯ ಪ್ರಾಸದ ಪುಸ್ತಕದ ರುಚಿಯೆಲ್ಲ ಈ ಜಗ್ಗಾಟದಲ್ಲೇ ಇದೆ ಎಂದು ನನ್ನ ಅಭಿಪ್ರಾಯ.

ಇನ್ನು ‘ಚಿತ್ರವಿಲ್ಲದೆ ಕಲಿತೆವು’ ಎಂಬ ಮಾತು. ಅದನ್ನು ನಾನು ಪೂರ್ತಿ ಒಪ್ಪಲಾರೆ. ಅಂಗಳದಲ್ಲಿ ಚಂದಮಾಮನನ್ನು ತೋರಿಸುತ್ತಾ ತುತ್ತಿಟ್ಟರಲ್ಲ, ಆಗ ಚಿತ್ರ ಆಕಾಶದಲ್ಲೇ ಇತ್ತು. ಅಂಗೈಯಿಂದ ಕಂಕುಳಿನವರೆಗೆ ಬೆರಳು ನಡೆಸಿ ಕಚಗುಳಿ ಇಡುವ ಪದ್ಯಕ್ಕೆ ಮಗುವಿನ ತೋಳೇ ಪುಟ. ಆನೆಯ ಪದ್ಯ ಬಂದರೆ ಮನೆಯಲ್ಲಿ ಯಾರಾದರೊಬ್ಬರು ನಾಲ್ಕು ಕಾಲಿನಲ್ಲಿ ನಿಲ್ಲಬೇಕಿತ್ತು. ಹೇಳುವವರ ಮುಖ, ಕೈ, ದನಿ ಇವೆಲ್ಲ ಸೇರಿ ಚಿತ್ರದ ಕೆಲಸ ಮಾಡುತ್ತಿದ್ದವು. ಪದ್ಯ ಬಾಯಿಯಿಂದ ಕಾಗದಕ್ಕೆ ಇಳಿದಾಗ ಇವೆಲ್ಲ ಹಿಂದೆ ಉಳಿದವು. ಆ ಜಾಗವನ್ನು ತುಂಬಬೇಕಾದವನು ಚಿತ್ರಕಾರ.

ಪದ್ಯ ಎಲ್ಲವನ್ನೂ ಹೇಳುತ್ತದೆಯೇ? ಪರೀಕ್ಷೆಗೆಂದು ಇಲ್ಲೇ ಎರಡು ಸಾಲು ಕಟ್ಟುತ್ತೇನೆ, ಕಾವ್ಯವೆಂದು ತಿಳಿಯಬೇಡಿ:

ಅಜ್ಜಿಯು ಹೊರಟಳು ಸಂತೆಗೆ ಬೇಗ,
ಚೀಲಕೆ ಹಾರಿತು ಕಪ್ಪೆಯು ಆಗ.

ನಾಲ್ಕು ನಾಲ್ಕು ಮಾತ್ರೆಯ ಗಣ, ಕೊನೆಗೊಂದು ಪ್ರಾಸ. ಮಗುವಿನ ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ. ಆದರೆ ಈ ಎರಡು ಸಾಲಿನಲ್ಲಿ ಏನೇನು ಹಿಡಿಸಿತು ನೋಡಿ: ಅಜ್ಜಿ, ಸಂತೆ, ಚೀಲ, ಕಪ್ಪೆ. ಅಷ್ಟೇ. ಅಜ್ಜಿ ದಪ್ಪಗಿದ್ದಳೋ ತೆಳ್ಳಗಿದ್ದಳೋ, ಕಪ್ಪೆ ಎಷ್ಟು ದೊಡ್ಡದು, ಮಳೆ ಬರುತ್ತಿತ್ತೋ ಇಲ್ಲವೋ, ಯಾವುದಕ್ಕೂ ಮಾತ್ರೆ ಉಳಿದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೂ ಬಿಟ್ಟುಹೋಗಿದೆ: ಕಪ್ಪೆ ಹಾರಿದ್ದು ಅಜ್ಜಿಗೆ ಗೊತ್ತಾಯಿತೇ?

ಇದನ್ನು ತೀರ್ಮಾನಿಸುವುದು ಚಿತ್ರಕಾರ. ಅಜ್ಜಿ ಚೀಲದೊಳಗೆ ಇಣುಕಿ ಬೆಚ್ಚಿಬಿದ್ದಂತೆ ಬರೆದರೆ ಪದ್ಯ ಅಲ್ಲೇ ಮುಗಿಯಿತು. ಅದೇ, ಅಜ್ಜಿ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದಾಳೆ, ಮೊಣಕೈಗೆ ಸಿಕ್ಕಿಸಿದ ಚೀಲದಿಂದ ಎರಡು ಕಣ್ಣು ಹೊರಗೆ ಬಂದಿವೆ, ಬದನೆಕಾಯಿಯವನ ಕೈ ತಕ್ಕಡಿಯ ಮೇಲೆ ಹಾಗೇ ನಿಂತಿದೆ ಎಂದು ಬರೆದರೆ? ಕಪ್ಪೆ ಹೀಗೆ ಇಣುಕುತ್ತಿರುವುದು ಅಜ್ಜಿಗೆ ಗೊತ್ತಿಲ್ಲ, ಪದ್ಯಕ್ಕೆ ಗೊತ್ತಿಲ್ಲ, ಓದುವ ನಿಮಗೂ ಸಾಲಿನ ಮೇಲೆ ಕಣ್ಣಿರುವುದರಿಂದ ತಕ್ಷಣ ಗೊತ್ತಾಗುವುದಿಲ್ಲ. ಗೊತ್ತಿರುವುದು ಮಗುವಿಗೆ ಮತ್ತು ಬದನೆಕಾಯಿಯವನಿಗೆ ಮಾತ್ರ. ದೊಡ್ಡವರಿಗಿಂತ ಮೊದಲು ತನಗೆ ತಿಳಿಯಿತು ಎಂಬ ಖುಷಿ ನಾಲ್ಕು ವರ್ಷದವರಿಗೆ ದಿನಕ್ಕೆ ಎಷ್ಟು ಸಲ ಸಿಗುತ್ತದೆ ಹೇಳಿ.

ನಿಮ್ಮ ಕಡೆಯವರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳುವುದು ಸುಲಭ. ಯಕ್ಷಗಾನದಲ್ಲಿ ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ವೇಷಧಾರಿ ಅದನ್ನೇ ಗದ್ಯ ಮಾಡಿ ಒಪ್ಪಿಸಿದರೆ ಜನ ಎದ್ದುಹೋಗುತ್ತಾರೆ. ಪದದಲ್ಲಿ ಇಲ್ಲದ, ಆದರೆ ಪದಕ್ಕೆ ಒಪ್ಪುವ ಮಾತು ಅವನಿಂದ ಬರಬೇಕು. ಚಿತ್ರಕಾರನದೂ ಅದೇ ಅರ್ಥಗಾರಿಕೆ.

ಮುದ್ರಿತ ಪುಸ್ತಕದಲ್ಲಿ ಇದನ್ನು ಮೊದಲು ಬಲವಾಗಿ ಮಾಡಿ ತೋರಿಸಿದವರಲ್ಲಿ ಒಬ್ಬ ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡಿಕಾಟ್. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಚಿತ್ರದ ಹುಚ್ಚಿಗೆ ಕೆಲಸ ಬಿಟ್ಟ. ಎಡ್ಮಂಡ್ ಇವಾನ್ಸ್ ಎಂಬ ಮುದ್ರಕ ಮರದ ಅಚ್ಚಿನಲ್ಲಿ ಬಣ್ಣ ಬಣ್ಣವಾಗಿ ಮುದ್ರಿಸುವುದರಲ್ಲಿ ಪಳಗಿದ್ದ. ಇಬ್ಬರೂ ಸೇರಿ 1878ರಿಂದ ಪ್ರತಿ ಕ್ರಿಸ್‌ಮಸ್‌ಗೆ ಎರಡೆರಡು ಪುಸ್ತಕದಂತೆ ಒಟ್ಟು 16 ತಂದರು. ಒಂದಕ್ಕೆ ಒಂದು ಶಿಲಿಂಗ್. 1886ರಲ್ಲಿ, ನಲವತ್ತು ತುಂಬುವ ಮೊದಲೇ ಕಾಲ್ಡಿಕಾಟ್ ತೀರಿಕೊಂಡ. ಅಮೆರಿಕದಲ್ಲಿ 1938ರಿಂದ ಪ್ರತಿ ವರ್ಷ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ಪದಕ ಅವನ ಹೆಸರಿನದೇ.

ಅವನು ಕೈಗೆತ್ತಿಕೊಂಡ ಪದ್ಯಗಳಲ್ಲಿ ಎಷ್ಟೋ ಎಲ್ಲರಿಗೂ ಬಾಯಿಪಾಠವಾಗಿದ್ದ ಹಳೆಯ ಶಿಶುಪ್ರಾಸಗಳು. 1882ರ ಒಂದು ಪುಸ್ತಕದಲ್ಲಿ ಬೆಕ್ಕು ಪಿಟೀಲು ಬಾರಿಸುವ, ಹಸು ಚಂದ್ರನನ್ನೇ ಜಿಗಿದು ದಾಟುವ ಪದ್ಯವಿದೆ. ಇಂಗ್ಲಿಷ್ ಮೀಡಿಯಂ ಕಾನ್ವೆಂಟಿನಿಂದ ನಮ್ಮ ಮನೆಗಳಿಗೂ ಬಂದು ಸೇರಿದ ಪದ್ಯ ಅದು. ಕೊನೆಗೆ ತಟ್ಟೆಯೂ ಚಮಚವೂ ಜೋಡಿಯಾಗಿ ಪಲಾಯನ ಮಾಡುವಲ್ಲಿಗೆ ಪದ್ಯ ಮುಗಿಯುತ್ತದೆ. ಕಾಲ್ಡಿಕಾಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೊಂದು ಚಿತ್ರ ಬರೆದ, ಅದಕ್ಕೆ ಒಂದಕ್ಷರದ ಪದ್ಯವೂ ಇಲ್ಲ. ತಟ್ಟೆ ಒಡೆದು ಚೂರಾಗಿ ಬಿದ್ದಿದೆ. ಚಮಚವನ್ನು ನಡುವೆ ಹಾಕಿಕೊಂಡು ಒಂದು ಕಡೆ ಫೋರ್ಕು, ಇನ್ನೊಂದು ಕಡೆ ಚಾಕು ಮನೆಯತ್ತ ನಡೆಸಿಕೊಂಡು ಹೋಗುತ್ತಿವೆ. ಓಡಿಹೋದ ಮಗಳನ್ನು ಎಳೆದು ತಂದ ಅಪ್ಪ ಅಮ್ಮ! ಪದ್ಯ ನಗುತ್ತಾ ಮುಗಿದಿತ್ತು, ಚಿತ್ರ ಅದರ ಮುಂದಿನ ದಿನವನ್ನು ತೋರಿಸಿಬಿಟ್ಟಿತು. ದೊಡ್ಡ ಚಿತ್ರಕಾರನಾಗಿ ಹೆಸರು ಮಾಡಿದ ಮಾರಿಸ್ ಸೆಂಡಾಕ್ ಈ ಪುಟವನ್ನು ಬಹಳ ಮೆಚ್ಚಿಕೊಂಡಿದ್ದರು. ಮೆಚ್ಚದೆ ಇರುವುದು ಹೇಗೆ? ನಮ್ಮ ಊರುಗಳ ಸುದ್ದಿಯನ್ನೇ ಆ ಚಾಕು ಚಮಚ ಹೇಳುತ್ತಿವೆ.

ಕನ್ನಡಕ್ಕೆ ನಂಟಿರುವ ಇನ್ನೊಂದು ಪ್ರಸಂಗವಿದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನೀವು ಕಲಿತೇ ಇರುತ್ತೀರಿ. ಅದರ ಮೂಲ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಪದ್ಯ. ಅವನ ಸ್ನೇಹಿತ, ನಟ ವಿಲಿಯಂ ಮೆಕ್ರೀಡಿಯ ಮಗ ವಿಲ್ಲಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದ. ಹುಡುಗನಿಗೆ ಚಿತ್ರ ಬರೆಯುವ ಚಟ. ಬರೆಯಲಿಕ್ಕೆ ಏನಾದರೂ ವಸ್ತು ಕೊಡಿ ಎಂದು ಕೇಳಿದ. ಬ್ರೌನಿಂಗ್ ಕೊಟ್ಟದ್ದು ಇಲಿಗಳ ಈ ಪದ್ಯ. ಹುಡುಗ ಚಿತ್ರ ಬರೆದ. ಅಂದರೆ, ಚಿತ್ರಕ್ಕಾಗಿಯೇ ಹುಟ್ಟಿದ ಪದ್ಯ ಇದು. ಹುಡುಗನ ಪೆನ್ಸಿಲಿಗೆ ಕೆಲಸ ಸಿಗಲೆಂದೇ ಇರಬೇಕು, ಇಲಿಗಳಲ್ಲಿ ಅಷ್ಟೊಂದು ಜಾತಿ, ಅಷ್ಟೊಂದು ಕಿತಾಪತಿ. 1888ರಲ್ಲಿ ಕೇಟ್ ಗ್ರೀನ್‌ಅವೇ ಇದಕ್ಕೆ 35 ಚಿತ್ರ ಬರೆದು ಪುಸ್ತಕ ಮಾಡಿದಳು. ಮುದ್ರಿಸಿದವನು ಅದೇ ಇವಾನ್ಸ್.

ಕುವೆಂಪು ಬ್ರೌನಿಂಗ್‌ನ ಹ್ಯಾಮೆಲಿನ್ ಊರನ್ನು ಬೊಮ್ಮನಹಳ್ಳಿ ಮಾಡಿದರು, ವೇಸರ್ ನದಿಯನ್ನು ತುಂಗೆ ಮಾಡಿದರು, ಮೇಯರನ ಜಾಗಕ್ಕೆ ಗೌಡ ಬಂದ, ಕೊಳಲಿನವನ ಕೈಗೆ ಕಿಂದರಿ ಬಂತು. ಪದ್ಯ ಮಲೆನಾಡಿನದೇ ಆಯಿತು. ಗ್ರೀನ್‌ಅವೇಯ ಚಿತ್ರಗಳ ಕೆಳಗೆ ಅಚ್ಚಾಗಬೇಕಾದ ಪದ್ಯವಾಗಿದ್ದರೆ ಈ ಸ್ವಾತಂತ್ರ್ಯ ಅವರಿಗೆ ಸಿಗುತ್ತಿತ್ತೇ? ಪುಟದ ಮೇಲೆ ಜರ್ಮನಿಯ ಬೀದಿ, ಕೊಳಲು ಹಿಡಿದವನು, ಲಂಗದ ಮೇಲೆ ಏಪ್ರನ್ ಕಟ್ಟಿದ ಹುಡುಗಿಯರು ಕಾಣುತ್ತಿರುವಾಗ ಕಿಂದರಿ ಎಂದು ಬರೆದರೆ ಮಕ್ಕಳು ಒಪ್ಪುವುದಿಲ್ಲ. ಚಿತ್ರ ಪದ್ಯಕ್ಕೆ ಕೊಡುವುದೂ ಉಂಟು, ಕಟ್ಟಿಹಾಕುವುದೂ ಉಂಟು.

ಈಗ ಪುಟ ತಿರುಗಿಸುವ ವಿಷಯ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ ಇರುವುದು ಪ್ರೆಸ್ಸಿನ ಲೆಕ್ಕ: 16 ಪುಟದ ಎರಡು ಫಾರಂ. ಶೀರ್ಷಿಕೆ, ಹಕ್ಕುಪುಟ ಕಳೆದರೆ ಕಥೆಗೆ ಉಳಿಯುವುದು ಎದುರುಬದುರು ಪುಟಗಳ ಹನ್ನೆರಡು ಹದಿಮೂರು ಜೋಡಿ. ಪದ್ಯವನ್ನು ಎಲ್ಲಿ ಕತ್ತರಿಸಬೇಕು ಎಂಬುದು ಕವಿಗೂ ಸಂಪಾದಕರಿಗೂ ತಲೆನೋವಿನ ಕೆಲಸ. ಸರಿಯಾಗಿ ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ‘ದಿ ಗ್ರಫಲೋ’ ನೋಡಬೇಕು. 1999ರಲ್ಲಿ ಬಂದ ಪುಸ್ತಕ. ಪದ್ಯ ಜೂಲಿಯಾ ಡೊನಾಲ್ಡ್‌ಸನ್ ಅವರದು, ಚಿತ್ರ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲೆಸಿದ ಆಕ್ಸೆಲ್ ಶೆಫ್ಲರ್ ಅವರದು.

ಕಥೆ ಇಷ್ಟು. ಕಾಡಿನಲ್ಲಿ ಹೊರಟ ಪುಟ್ಟ ಇಲಿಯನ್ನು ನರಿ, ಗೂಬೆ, ಹಾವು ಒಂದಾದ ಮೇಲೊಂದು ಊಟಕ್ಕೆ ಕರೆಯುತ್ತವೆ. ಯಾರು ಯಾರ ಊಟ ಎಂಬುದು ಇಲಿಗೆ ಗೊತ್ತು. ತನಗೆ ಗ್ರಫಲೋ ಎಂಬ ಭಯಂಕರ ಪ್ರಾಣಿಯ ಸ್ನೇಹವಿದೆ ಎಂದು ಬುರುಡೆ ಬಿಟ್ಟು, ಅದರ ಹಲ್ಲು, ಉಗುರು, ಮೂಗಿನ ಮೇಲಿನ ವಿಷದ ಗುಳ್ಳೆ ಎಲ್ಲ ವರ್ಣಿಸಿ ಅವರನ್ನು ಓಡಿಸುತ್ತದೆ. ಇಲಿ ಸುಳ್ಳು ಹೇಳುತ್ತಿರುವಾಗ ಶೆಫ್ಲರ್ ಗ್ರಫಲೋವನ್ನು ಇಡಿಯಾಗಿ ತೋರಿಸುವುದಿಲ್ಲ. ಹೇಳಿದ ಅಂಗವಷ್ಟೇ ತುಣುಕು ತುಣುಕಾಗಿ ಪುಟದಲ್ಲಿ ಬರುತ್ತದೆ. ಮಗುವಿನ ತಲೆಯಲ್ಲಿ ಪ್ರಾಣಿ ಬಿಡಿಭಾಗಗಳಿಂದ ಜೋಡಣೆಯಾಗುತ್ತಾ ಹೋಗುತ್ತದೆ. ಕೊನೆಗೆ ಇಲಿ, ಅಂಥದ್ದೊಂದು ಪ್ರಾಣಿ ಇಲ್ಲವೇ ಇಲ್ಲವಲ್ಲ ಎಂದು ನಗುತ್ತಿರುವಾಗ ಅದರ ಮಾತು ಶಬ್ದದ ನಡುವೆಯೇ ತುಂಡಾಗುತ್ತದೆ. ಪ್ರಾಸಕ್ಕೆ ಕಾದುಕೊಂಡ ಕಿವಿಗೆ ಬೇಕಾದ ಸ್ವರ ಮುಂದಿನ ಪುಟದಲ್ಲಿದೆ. ತಿರುಗಿಸಿದರೆ ಗ್ರಫಲೋ ಎದುರಿಗೇ ನಿಂತಿದೆ! ಕಿವಿಯ ಬಾಕಿಯನ್ನು ಕಣ್ಣು ತೀರಿಸಿತು. ಪ್ರಾಸವೊಂದೇ ಇದ್ದಿದ್ದರೆ ಈ ಬೆಚ್ಚು ಹುಟ್ಟುತ್ತಿರಲಿಲ್ಲ, ಚಿತ್ರವೊಂದೇ ಇದ್ದಿದ್ದರೂ ಅಷ್ಟೇ.

ನಿಮ್ಮ ಕಲ್ಪನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಪದ್ಯ ಗ್ರಫಲೋವಿನ ಕಣ್ಣು, ನಾಲಿಗೆ, ಬೆನ್ನಿನ ಮುಳ್ಳಿನ ಬಣ್ಣ ಹೇಳುತ್ತದೆ. ಮೈಯ ಕಂದು ತುಪ್ಪಟದ ಬಗ್ಗೆ ಹೇಳುವುದಿಲ್ಲ. ತಲೆಯ ಮೇಲಿನ ಎರಡು ಕೊಂಬಿನ ಮಾತೇ ಇಲ್ಲ. ಅವೆಲ್ಲ ಶೆಫ್ಲರ್ ತಂದದ್ದು. ಅದಕ್ಕಿಂತ ಹೆಚ್ಚಿನದು ಮುಖಭಾವ. ಶುರುವಿನ ಕರಡು ಚಿತ್ರಗಳಲ್ಲಿ ಪ್ರಾಣಿ ತೀರಾ ಭಯಂಕರವಾಗಿತ್ತಂತೆ, ಮಕ್ಕಳು ಹೆದರುತ್ತಾರೆ ಎಂದು ಪ್ರಕಾಶಕರ ಕಡೆಯಿಂದ ತಿದ್ದಿಸಿದರು. ಈಗ ಅದು ಕೋರೆ ಹಲ್ಲಿದ್ದೂ ಸ್ವಲ್ಪ ಪೆದ್ದುಪೆದ್ದಾಗಿ ಕಾಣುತ್ತದೆ. ಇಷ್ಟು ದೊಡ್ಡ ಪ್ರಾಣಿ ಇಷ್ಟು ಸಣ್ಣ ಇಲಿಗೆ ಮೋಸಹೋಗುವುದು ನಂಬುವಂತಾಗುವುದು ಆ ಮುಖದಿಂದ. (ಈ ಹೆದರಿಕೆಯ ತಕರಾರು ಹಳೆಯದು. 1871ರಲ್ಲಿ ಲೂಯಿಸ್ ಕ್ಯಾರಲ್ ತನ್ನ ಆಲಿಸಳ ಎರಡನೆಯ ಪುಸ್ತಕಕ್ಕೆ ಜಾನ್ ಟೆನಿಯಲ್ ಬರೆದ ರಾಕ್ಷಸ ಪ್ರಾಣಿಯ ಚಿತ್ರವನ್ನು ಮುಖಚಿತ್ರವಾಗಿ ಹಾಕಬಹುದೇ ಎಂದು ಸುಮಾರು 30 ತಾಯಂದಿರ ಅಭಿಪ್ರಾಯ ಕೇಳಿದ್ದ. ಆಮೇಲೆ ಅದನ್ನು ಒಳಪುಟಕ್ಕೆ ಸರಿಸಿ, ಕುದುರೆ ಸವಾರನ ಚಿತ್ರವನ್ನು ಮುಂದಿಟ್ಟ.)

ಕಲ್ಪನೆಗೆ ಚಿತ್ರ ತಡೆಯಾಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಒಮ್ಮೆ ಗ್ರಫಲೋ ಕಂಡ ಮಗುವಿಗೆ ಬೇರೆ ಗ್ರಫಲೋ ಸಾಧ್ಯವಿಲ್ಲ, ನಿಜ. ಆದರೆ ಚಿತ್ರವಿಲ್ಲದೆ ಕಲ್ಪನೆ ಮುಂದೆ ಹೋಗಲಾರದ ಪದ್ಯಗಳೂ ಇವೆ. ಬಂಗಾಳದ ಸುಕುಮಾರ್ ರಾಯ್ ಅವರ ‘ಆಬೋಲ್ ತಾಬೋಲ್’ನಲ್ಲಿ ಒಂದು ಪದ್ಯ ಬಾತುಕೋಳಿಯನ್ನೂ ಮುಳ್ಳುಹಂದಿಯನ್ನೂ ಬೆಸೆದು ‘ಹಾಂಸ್‌ಜಾರು’ ಎಂಬ ಪ್ರಾಣಿ ಮಾಡುತ್ತದೆ. ಕೊಕ್ಕರೆಗೂ ಆಮೆಗೂ ಅದೇ ಗತಿ, ಆನೆಗೂ ತಿಮಿಂಗಿಲಕ್ಕೂ ಅದೇ ಗತಿ. ಬಂಗಾಳಿಯಲ್ಲಿ ಹೆಸರುಗಳು ಒಂದಕ್ಕೊಂದು ಸಲೀಸಾಗಿ ಅಂಟಿಕೊಳ್ಳುತ್ತವೆ, ಕಿವಿಗೆ ಏನೂ ತೊಂದರೆಯಿಲ್ಲ. ತೊಂದರೆ ಮೈಯದು. ಬಾತು ಎಲ್ಲಿ ಮುಗಿಯಬೇಕು, ಮುಳ್ಳು ಎಲ್ಲಿ ಶುರುವಾಗಬೇಕು? ಸುಕುಮಾರ್ ತಾವೇ ಚಿತ್ರ ಬರೆದು ಹೊಲಿಗೆ ಕಾಣದಂತೆ ಸೇರಿಸಿದರು. ಪ್ರಾಣಿಗಳ ಮುಖದಲ್ಲಿ ತಮಾಷೆಯ ಸುಳಿವೂ ಇಲ್ಲ, ಇದೇ ನಮ್ಮ ಹುಟ್ಟುಗುಣ ಎನ್ನುವಂತೆ ನಿಂತಿವೆ. ಇಂಥ ಚಿತ್ರ ಕಂಡ ಮಗು ಸುಮ್ಮನೆ ಕೂರುವುದಿಲ್ಲ, ನಾಯಿಗೂ ನವಿಲಿಗೂ ಗಂಟು ಹಾಕುತ್ತದೆ.

ಸುಕುಮಾರ್ ಅವರಿಗೆ ಇದು ಸಾಧ್ಯವಾದದ್ದರಲ್ಲಿ ಅಚ್ಚರಿಯಿಲ್ಲ. ತಂದೆ ಉಪೇಂದ್ರಕಿಶೋರ್ ಹಾಫ್‌ಟೋನ್ ಬ್ಲಾಕ್ ಮಾಡುವುದರಲ್ಲಿ ದೇಶಕ್ಕೇ ಮೊದಲಿಗರು, 1913ರಲ್ಲಿ ಮಕ್ಕಳಿಗಾಗಿ ‘ಸಂದೇಶ್’ ಪತ್ರಿಕೆ ಆರಂಭಿಸಿದವರು. ಮಗ ಇಂಗ್ಲೆಂಡಿಗೆ ಹೋಗಿ ಮುದ್ರಣವನ್ನೇ ಓದಿ ಬಂದರು. ಕಾಲಾ ಅಜಾರ್ ತಗುಲಿ ಹಾಸಿಗೆ ಹಿಡಿದ ಮೇಲೂ ‘ಆಬೋಲ್ ತಾಬೋಲ್’ ಕೆಲಸ ಬಿಡಲಿಲ್ಲ. 1923ರ ಸೆಪ್ಟೆಂಬರ್ 10ರಂದು ತೀರಿಕೊಂಡರು. ಪುಸ್ತಕ ಹೊರಬಂದದ್ದು ಅದಾದ ಕೆಲವೇ ದಿನಕ್ಕೆ. ಆಗ ಎರಡು ವರ್ಷದ ಮಗುವಾಗಿದ್ದವರು ಸತ್ಯಜಿತ್ ರಾಯ್.

ಚಿತ್ರವನ್ನೇ ಒಗಟು ಮಾಡುವ ಇನ್ನೊಂದು ದಾರಿಯಿದೆ. ಇಂಗ್ಲೆಂಡಿನ ಜಾನೆಟ್ ಮತ್ತು ಅಲನ್ ಆಲ್‌ಬರ್ಗ್ ದಂಪತಿ 1978ರಲ್ಲಿ ತಂದ ಪುಟ್ಟ ಪ್ರಾಸದ ಪುಸ್ತಕದಲ್ಲಿ ಪದ್ಯ ಒಬ್ಬೊಬ್ಬರ ಹೆಸರು ಹೇಳುತ್ತದೆ, ಅವರು ಚಿತ್ರದಲ್ಲಿ ಎಲ್ಲೋ ಅಡಗಿರುತ್ತಾರೆ. ಹುಡುಕದೆ ಮುಂದೆ ಹೋಗುವಂತಿಲ್ಲ. ಆ ಪುಸ್ತಕ ಹಿಡಿದು ಕೂತಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ನಿಲ್ಲುವುದೇ ಅಲ್ಲಿನ ಲಯ.

ಕನ್ನಡದಲ್ಲಿ ಈಗ ಸಿಗುವ ಪ್ರಾಸದ ಚಿತ್ರಪುಸ್ತಕಗಳಲ್ಲಿ ಎಷ್ಟೋ ಅನುವಾದಗಳು. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಇಂಥವರು ಒಂದೇ ಚಿತ್ರಕ್ಕೆ ಹಲವು ಭಾಷೆಯ ಪಠ್ಯ ಹಾಕುತ್ತಾರೆ. ಪ್ರಥಮ್‌ನವರ ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಅನುವಾದ ಮಾಡಬಹುದು. ಇಲ್ಲಿ ಚಿತ್ರ ಮೊದಲೇ ಸಿದ್ಧ, ಪ್ರಾಸ ಆಮೇಲೆ ಬಂದು ಅದರ ಜೊತೆ ಹೊಂದಿಕೊಳ್ಳಬೇಕು. ಅನುವಾದಕರ ಪಾಡು ಯೋಚಿಸಿ. ಪ್ರಾಣಿಯ ಕಣ್ಣು ಹಸಿರು ಎಂದರೆ ಉಸಿರು, ಹೆಸರು, ಕೆಸರು ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಚಿತ್ರದಲ್ಲಿ ಕಣ್ಣು ಕಿತ್ತಳೆ ಬಣ್ಣದ್ದು. ಕಿತ್ತಳೆಗೆ ಹತ್ತಿರ ಸುಳಿಯುವುದು ಕತ್ತಲೆ, ಅದೂ ಳಕಾರ ಲಕಾರದ ಜಗಳ ಬಿಡಿಸಿದರೆ. ಬಣ್ಣ ಬದಲಿಸೋಣವೆಂದರೆ ಮಗು ಬಿಡುವುದಿಲ್ಲ. ‘ಹಸಿರೆಲ್ಲಿದೆ ಅಜ್ಜಿ?’ ಎಂದು ಪುಟಕ್ಕೆ ಬೆರಳು ಚುಚ್ಚುತ್ತದೆ. ಕನ್ನಡದ ಪದ್ಯ ಕೆಲವೊಮ್ಮೆ ಕುಂಟುವುದಕ್ಕೆ ಇದೂ ಒಂದು ಕಾರಣ. ಕನ್ನಡದಲ್ಲೇ ಹುಟ್ಟಿದ ಪದ್ಯಕ್ಕೆ ಇಲ್ಲಿನ ಚಿತ್ರಕಾರರು ಬರೆದ ಪುಸ್ತಕಗಳು ಇನ್ನೂ ಹೆಚ್ಚು ಬರಬೇಕು ಎಂಬುದು ನನ್ನ ಹಳೆಯ ತಕರಾರು. ಪಂಜೆಯವರು, ರಾಜರತ್ನಂ ಕಟ್ಟಿಕೊಟ್ಟ ಮಕ್ಕಳ ಪದ್ಯ ನಮ್ಮಲ್ಲಿ ಬೇಕಾದಷ್ಟಿದೆ. ಒಂದೊಂದು ಪದ್ಯಕ್ಕೆ 32 ಪುಟ ಬಿಟ್ಟುಕೊಡುವ ಧೈರ್ಯ ಪ್ರಕಾಶಕರಿಗೆ ಬರಬೇಕು.

ಕೊಳ್ಳುವಾಗ ಒಂದು ಎಚ್ಚರಿಕೆ. ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಮಿರಿಮಿರಿ ಕಾಗದದ ಶಿಶುಪ್ರಾಸ ಪುಸ್ತಕಗಳು ತೂಗಾಡುತ್ತಿರುತ್ತವೆ. ಪದ್ಯದಲ್ಲಿ ಆನೆ ಬಂದರೆ ಒಂದು ಆನೆ, ಬಾಳೆಹಣ್ಣು ಬಂದರೆ ಒಂದು ಬಾಳೆಹಣ್ಣು, ಎಲ್ಲ ಪ್ರಾಣಿಗೂ ಒಂದೇ ನಗು. ಅದು ಪ್ರಾಸ ಸೇರಿಸಿದ ಗೋಡೆ ಚಾರ್ಟು. ನಿಮ್ಮ ಭಯ ನಿಜವಾಗುವುದು ಅಂಥಲ್ಲಿ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ನಡುವಿನ ಯಾವುದಾದರೂ ಪುಟ ತೆರೆದು ಚಿತ್ರದ ಮೇಲೆ ಕೈ ಇಟ್ಟು ಪದ್ಯ ಓದಿ. ಆಮೇಲೆ ಕೈ ತೆಗೆಯಿರಿ. ಚಿತ್ರದಲ್ಲಿ ಹೊಸದೇನೂ ಇಲ್ಲದಿದ್ದರೆ ಪುಸ್ತಕ ಅಲ್ಲೇ ಇಡಿ.

ಓದುವ ಕ್ರಮದ ಬಗ್ಗೆಯೂ ಹೇಳಿಬಿಡುತ್ತೇನೆ. ಮೊದಲ ಸಲ ಪುಸ್ತಕ ತೆರೆಯುವ ಮುಂಚೆ, ಬರೀ ಬಾಯಲ್ಲಿ ಪದ್ಯವನ್ನು ಒಂದೇ ಓಟದಲ್ಲಿ ಹೇಳಿಬಿಡಿ, ನಿಮ್ಮ ಲಯದ ಆಸೆ ತೀರಲಿ. ಆಮೇಲೆ ಪುಸ್ತಕ ಅವಳ ಮಡಿಲಿಗೆ ಹಾಕಿ, ಪುಟ ತಿರುಗಿಸುವ ಕೆಲಸವನ್ನು ಅವಳಿಗೇ ಬಿಡಿ. ಎರಡು ವಾರದಲ್ಲಿ ಪದ್ಯ ಅವಳಿಗೆ ಬಾಯಿಪಾಠವಾಗಿರುತ್ತದೆ. ಅಷ್ಟರಲ್ಲಿ ಚಿತ್ರ ಓದುವುದು ನಿಮಗೂ ಅಭ್ಯಾಸವಾಗಿದ್ದರೆ, ಇನ್ನೊಂದು ಪತ್ರ ಬರೆಯಿರಿ.